ಸ್ಯಾನ್ ಮಿಗ್: ಗ್ರ್ಯಾಂಡ್ ಸ್ಲ್ಯಾಮ್ ಆದಮೇಲಿನ ಲೆಕ್ಕ

ಎಲ್ಲರ ಗಮನಕ್ಕೆ. ನಮ್ಮ ಪಿಬಿಎ (ಫಿಲಿಪ್ಪೀನ್ಸ್‌ನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ಪಟ್ಟಿಯಲ್ಲಿ ಸ್ಯಾನ್ ಮಿಗ್ ತಂಡದ ಸಾಲುಗಳು ಹರಿದು ಹಂಚಿಹೋಗಿವೆ. ಕಾರಣ ಹೆಸರು. 2014ರಲ್ಲಿ ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಸೀಸನ್‌ನ ಮೂರೂ ಕಪ್) ಗೆದ್ದ ಸ್ಯಾನ್ ಮಿಗ್, ಮುಂದಿನ ಸೀಸನ್‌ಗೆ ಪ್ಯೂರ್‌ಫುಡ್ಸ್ ಸ್ಟಾರ್, ಆಮೇಲೆ ಬರೀ ಸ್ಟಾರ್, 2017-18ರಿಂದ ಮ್ಯಾಗ್ನೋಲಿಯಾ. ನಾಲ್ಕೂ ಒಂದೇ ತಂಡ, ದಯವಿಟ್ಟು ಒಂದೇ ಸಾಲಿನಲ್ಲಿ ಹಾಕಿ.

ಕಪ್ ಹೆಸರನ್ನೂ ಬಿಡಬೇಡಿ. ಫಿಲಿಪ್ಪೀನ್ ಕಪ್‌ನಲ್ಲಿ ವಿದೇಶಿ ಆಟಗಾರ ಇರುವುದಿಲ್ಲ, ಉಳಿದೆರಡರಲ್ಲಿ (ಕಮಿಷನರ್ಸ್ ಕಪ್, ಗವರ್ನರ್ಸ್ ಕಪ್) ಇರುತ್ತಾನೆ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ಸ್ಥಳೀಯ ಆಟಗಾರರ ನಿಜವಾದ ಬಲ ಕಾಣಿಸದು.

ಇಳಿಜಾರು ಶುರುವಾದದ್ದು ಎಲ್ಲಿಂದ? ಬಹಳ ಮಂದಿ ತಂಡದ ತಾರೆ ಜೇಮ್ಸ್ ಯಾಪ್ ಹೋದದ್ದರಿಂದ ಅಂತಾರೆ. ಅದು 2016ರ ಮಾತು: ಅವನನ್ನು ರೇನ್ ಆರ್ ಶೈನ್ ತಂಡಕ್ಕೆ ಕೊಟ್ಟು ಪಾಲ್ ಲೀಯನ್ನು ತಂದರು. ನನ್ನ ಪ್ರಕಾರ ದೊಡ್ಡ ಪೆಟ್ಟು 2015ರದು, ಕೋಚ್ ಟಿಮ್ ಕೋನ್ ಜಿನೆಬ್ರಾ ತಂಡಕ್ಕೆ ಹೋದದ್ದು. ಅವರ ಟ್ರಯಾಂಗಲ್ ಆಟದಲ್ಲಿ (ಮೂವರು ತ್ರಿಕೋನವಾಗಿ ನಿಂತು ಕಟ್ಟುವ ದಾಳಿ) ಚೆಂಡು ಯಾರ ಕೈಯಲ್ಲೂ ಹೆಚ್ಚು ಹೊತ್ತು ನಿಲ್ಲದು. ಒಬ್ಬ ಪಾಸ್ ಕೊಟ್ಟು ಮೂಲೆಗೆ ಓಡಿದ ಕೂಡಲೇ ಉಳಿದವರು ತಮ್ಮ ಜಾಗ ಹಿಡಿಯಬೇಕು. ವರ್ಷಗಟ್ಟಲೆ ರೂಢಿಯಾದ ಇಂಥ ಲಯ ಹೊಸ ಕೋಚ್ ಬಂದ ತಕ್ಷಣ ಕೂಡಿಬರುವುದಿಲ್ಲ. ಜೇಸನ್ ವೆಬ್ ಒಂದೇ ಸೀಸನ್ ಇದ್ದರು, ಆಮೇಲೆ ಚಿಟೊ ವಿಕ್ಟೊಲೆರೊ.

ಮತ್ತೆ ಕಪ್ ಸಿಕ್ಕಿದ್ದು 2018ರ ಗವರ್ನರ್ಸ್ ಕಪ್‌ನಲ್ಲಿ, ಅಲಾಸ್ಕಾ ಎದುರು 4-2. ವಿದೇಶಿ ಆಟಗಾರ ರೋಮಿಯೊ ಟ್ರಾವಿಸ್. 2019ರ ಫಿಲಿಪ್ಪೀನ್ ಕಪ್ ಫೈನಲ್‌ನಲ್ಲಿ ಸ್ಯಾನ್ ಮಿಗೆಲ್ ಎದುರು 3-4 ಸೋಲು (ಸ್ಯಾನ್ ಮಿಗ್ ಬೇರೆ, ಸ್ಯಾನ್ ಮಿಗೆಲ್ ಬೇರೆ, ಮಾರಾಯ್ರೇ!). 2021ರ ಅದೇ ಕಪ್‌ನ ಫೈನಲ್‌ನಲ್ಲಿ ಟಿಎನ್‌ಟಿ ತಂಡದ ಎದುರು 1-4 ಸೋಲು.

ಫೈನಲ್ ಸೋಲುಗಳಿಗೂ ಒಂದು ಕಾಲಂ ಸೇರಿಸಿ.