ಅಪ್ಪ, ಬೋರ್ಡೋ ನೋಡಿ ಬರೋಣ

ಫ್ರೈಬುರ್ಗ್, ಜರ್ಮನಿ
ಭಾನುವಾರ ರಾತ್ರಿ

ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಚಳಿ ಇಳಿಯುತ್ತಿದೆ, ಬಾಲ್ಕನಿಯ ಕುಂಡದಲ್ಲಿ ಕೊತ್ತಂಬರಿ ಮೊಳಕೆ ಬಂದಿದೆ. ಮೊನ್ನೆ ಫೋನಿನಲ್ಲಿ ಫ್ರಾನ್ಸಿನ ವೈನ್ ಸೀಮೆ ಸುತ್ತೋಣ ಬನ್ನಿ ಅಂದಿದ್ದಕ್ಕೆ ಅಪ್ಪ, "ಕುಡಿಯದೇ ಇರೋ ನಾವು ವೈನ್ ಸೀಮೆಗೆ ಬಂದು ಏನು ಮಾಡೋದು?" ಅಂತ ಕೇಳಿ ಫೋನ್ ಇಟ್ಟುಬಿಟ್ಟಿರಿ. ಆಗ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ, ಅದಕ್ಕೇ ಕಾಗದ. ಅಮ್ಮ, ನೀನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದು. ಅಪ್ಪ ಕನ್ನಡಕ ಹುಡುಕೋ ಹೊತ್ತಿಗೆ ಬೆಳಗಾಗುತ್ತೆ.

ಪ್ರತಿ ವರ್ಷ ಮಳೆ ಹಿಡಿಯೋ ಮುಂಚೆ, ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣ ಕಲಸೋಕೆ ಅಂಗಳದಲ್ಲಿ ಡ್ರಮ್ ಇಡುತ್ತಿದ್ದಿರಲ್ಲ ಅಪ್ಪ, ಅದು ನೆನಪಾಯಿತು. ಒಂದು ಕಡೆ ಮೈಲುತುತ್ತ ಕರಗಿಸಿದ ನೀರು, ಇನ್ನೊಂದು ಕಡೆ ಸುಣ್ಣದ ನೀರು. ತುತ್ತದ ನೀರನ್ನೇ ಸುಣ್ಣದ ನೀರಿಗೆ ಸುರಿಯಬೇಕು, ಉಲ್ಟಾ ಮಾಡಿದರೆ ಬೈಗುಳ. ಆಮೇಲೆ ಕತ್ತಿಯ ಅಲಗು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ, ಬೆಳಕಿಗೆ ಹಿಡಿದು ನೋಡುತ್ತಿದ್ದಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ, "ಇನ್ನೊಂದು ಚೆಂಬು ಸುಣ್ಣ ಹಾಕೇ." ನನ್ನ ಸ್ಕೂಲ್ ಲಂಗಕ್ಕೆ ಬಿದ್ದ ನೀಲಿ ಕಲೆ ಲಂಗ ಹರಿಯುವವರೆಗೂ ಹೋಗಲಿಲ್ಲ.

ಬೋರ್ಡೋ ಅಂದರೆ ಯಾವುದೋ ಔಷಧಿ ಕಂಪನಿ ಅಂತಲೇ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಅದು ಊರು. ಫ್ರಾನ್ಸಿನ ಪಶ್ಚಿಮದಲ್ಲಿ, ಗರೋನ್ ಹೊಳೆಯ ದಡದಲ್ಲಿದೆ. ಸುತ್ತ ಎಲ್ಲ ದ್ರಾಕ್ಷಿ.

ಕಥೆ ಹೀಗಿದೆ. 1860ರ ದಶಕದಲ್ಲಿ ಫಿಲೋಕ್ಸೆರಾ ಅನ್ನೋ ಹೇನಿನಂಥ ಹುಳು ಅಮೆರಿಕದಿಂದ ಬಂದು, ಬೇರು ಹೀರಿ ಫ್ರಾನ್ಸಿನ ತೋಟಗಳನ್ನು ಮಲಗಿಸಿಬಿಟ್ಟಿತು. ಆ ಹುಳಕ್ಕೆ ಬಗ್ಗದ ಬೇರು ಬೇಕು ಅಂತ ಅಮೆರಿಕದ ಬಳ್ಳಿಯನ್ನೇ ತರಿಸಿ ಅದರ ಮೇಲೆ ತಮ್ಮ ದ್ರಾಕ್ಷಿಯ ಕಸಿ ಕಟ್ಟಿದರು. ಬಳ್ಳಿಯ ಜೊತೆ ಇನ್ನೊಂದು ರೋಗವೂ ಹಡಗು ಹತ್ತಿ ಬಂತು. ಎಲೆಯ ಅಡಿ ಬಿಳಿ ಬೂಷ್ಟು ಕಟ್ಟಿ ಎಲ್ಲ ಉದುರಿಸುವ ಡೌನಿ ಮಿಲ್ಡ್ಯೂ. ನಮ್ಮ ಅಡಿಕೆಯ ಕೊಳೆರೋಗದ ದಾಯಾದಿ ಅದು. 1882ರ ಅಕ್ಟೋಬರಿನಲ್ಲಿ ಬೋರ್ಡೋದ ಸಸ್ಯಶಾಸ್ತ್ರದ ಮೇಷ್ಟ್ರು ಮಿಯಾರ್ಡೆ, ಮೆಡಾಕ್ ಸೀಮೆಯ ಸೇಂಟ್ ಜೂಲಿಯನ್‌ನಲ್ಲಿ ನಡೆದು ಹೋಗುತ್ತಿದ್ದರಂತೆ. ತೋಟವೆಲ್ಲ ಬೋಳು. ರಸ್ತೆ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ನಿಂತಿದೆ. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯಬಾರದು ಅಂತ ತುತ್ತ, ಸುಣ್ಣ ಕಲಸಿ ಎರಚಿದ್ದರಂತೆ! ನೋಡಿದರೆ ವಿಷ ಅನ್ನಿಸಬೇಕು, ಅಷ್ಟೇ ಉದ್ದೇಶ. ಮಿಯಾರ್ಡೆ ಅದರ ಬೆನ್ನು ಹತ್ತಿ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು.

ಅದನ್ನು ನಮ್ಮ ಅಡಿಕೆಗೆ ತಂದವರು ಅಜ್ಜ ಹೇಳುತ್ತಿದ್ದ ಕೋಲ್ಮನ್ ಸಾಹೇಬರು. ಕೆನಡಾದವರು, 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದವರು. ಎರಡೇ ವರ್ಷದಲ್ಲಿ ಕೊಳೆರೋಗದ ಮೇಲೆ ವರದಿ ಬರೆದರು. ಅದಕ್ಕೆ ಮುಂಚೆ ಮಳೆ ತಾಗದ ಹಾಗೆ ಪ್ರತಿ ಅಡಿಕೆ ಕೊನೆಗೂ ಕೊಟ್ಟೆಯ ಹೊದಿಕೆ ಕಟ್ಟಬೇಕಿತ್ತಲ್ಲ. ಈಗ ಹೇಳಿ ಅಪ್ಪ, ಆ ಸೇಂಟ್ ಜೂಲಿಯನ್ ರಸ್ತೆ ಬದಿಯಲ್ಲಿ ಒಂದು ಸಲ ನಿಂತು ಬರೋದು ಬೇಡವಾ?

ಸೆಪ್ಟೆಂಬರ್ ಮೂರನೇ ವಾರ ಹೊರಡೋಣ ಅಂತಿದ್ದೇನೆ. ನಿಮಗೆ ಅಷ್ಟೊತ್ತಿಗೆ ಔಷಧಿ ಹೊಡೆಯೋದು ಮುಗಿದಿರುತ್ತೆ, ಅಡಿಕೆ ಕೊನೆ ಕೊಯ್ಲು ಇನ್ನೂ ಶುರುವಾಗಿರಲ್ಲ. ಇಲ್ಲಿ ಮಾತ್ರ ಅದೇ ಸುಗ್ಗಿ ಹೊತ್ತು. ಅಣ್ಣ ಕಳಿಸಿದ "ಹತ್ತು ದಿನ, ಏಳು ದೇಶ" ಟೂರಿನ ಪಟ್ಟಿ ನೋಡಿದೆ. ಅದರಲ್ಲಿ ಬಸ್ಸಿನ ಕಿಟಕಿ ಬಿಟ್ಟು ಏನೂ ಕಾಣಿಸಲ್ಲ. ನಮ್ಮದು ಹದಿನಾಲ್ಕು ರಾತ್ರಿ, ಒಂದೇ ದೇಶ, ನಾಲ್ಕೇ ಕಡೆ ವಾಸ್ತವ್ಯ.

ಮೊದಲ ನಾಲ್ಕು ರಾತ್ರಿ ಫ್ರಾನ್ಸಿನ ಅಲ್ಸಾಸ್ ಸೀಮೆ. ನನ್ನ ಮನೆಯಿಂದ ರೈನ್ ಹೊಳೆ ದಾಟಿದರೆ ಅದೇ. ದ್ರಾಕ್ಷಿ ತೋಟಗಳ ನಡುವೆ ಹೋಗುವ ಅಲ್ಲಿನ "ವೈನ್ ರಸ್ತೆ" 1953ರಲ್ಲಿ ಶುರುವಾದದ್ದು, ಮಾರ್ಲೆನ್‌ಹೈಮ್‌ನಿಂದ ಥಾನ್‌ವರೆಗೆ ಸುಮಾರು 170 ಕಿಲೋಮೀಟರ್. ಪಟ್ಟು ಹಿಡಿದರೆ ಒಂದೇ ದಿನಕ್ಕೆ ಮುಗಿಸಬಹುದು. ಹಾಗೆ ಮುಗಿಸಿದವರ ಪೈಕಿ ನಾನೂ ಒಬ್ಬಳು, ಹೋದ ವರ್ಷ ಗೆಳತಿಯರ ಜೊತೆ. ಸುಗ್ಗಿಯ ನಡುವೆ ಹೇಳದೆ ಕೇಳದೆ ಒಂದು ತೋಟದ ಬಾಗಿಲು ತಟ್ಟಿದೆವು. ಕೈಯೆಲ್ಲ ಅಂಟಂಟಾಗಿದ್ದ ಒಬ್ಬಾಕೆ ಬಂದು, ಬೈಯದೆ ಬಾಗಿಲು ಹಾಕಿಕೊಂಡಳು. ಕೊಯ್ಲಿನ ದಿನ ನಮ್ಮನೆಗೆ ಯಾರಾದರೂ ಹಾಗೆ ಬಂದಿದ್ದರೆ ಅಮ್ಮ ಕಾಫಿ ಕೊಟ್ಟೇ ಬೈಯುತ್ತಿದ್ದಳು. ಈ ಸಲ ಎರಡು ತೋಟಕ್ಕೆ ಮುಂಚೆಯೇ ಬರೆದು ಕೇಳುತ್ತೇನೆ.

ಅಲ್ಲಿನ ವೋಜ್ ಬೆಟ್ಟಸಾಲು ಥೇಟ್ ನಮ್ಮ ಘಟ್ಟದ ಹಾಗೆ. ಪಡುವಣದ ಮೋಡ ಆಚೆಯೇ ಸುರಿದುಬಿಡುತ್ತೆ, ಈಚೆ ಕೋಲ್ಮಾರ್‌ಗೆ ಬರೋ ಹೊತ್ತಿಗೆ ಮಳೆ ಖಾಲಿ. ಫ್ರಾನ್ಸಿನಲ್ಲೇ ತೀರಾ ಕಡಿಮೆ ಮಳೆ ಬೀಳೋ ಊರುಗಳಲ್ಲಿ ಅದೂ ಒಂದು. ಅದಕ್ಕೇ ಅಲ್ಲಿ ದ್ರಾಕ್ಷಿ ಚೆನ್ನಾಗಿ ಹಣ್ಣಾಗುತ್ತೆ.

ಇಳಿದುಕೊಳ್ಳೋದು ಹೋಟೆಲಿನಲ್ಲಲ್ಲ, ಅಡುಗೆಮನೆ ಇರೋ ಹಳ್ಳಿ ಮನೆಗಳಲ್ಲಿ. ಅದಕ್ಕೆ ಅಲ್ಲಿ "ಜೀತ್" ಅಂತಾರೆ, ಹೆಸರು ಕೇಳಿ ಹೆದರಬೇಡಿ! ಅಲ್ಲಿನ ತೆಳ್ಳಗಿನ ರೊಟ್ಟಿಯಂಥ ತಿಂಡಿಗೂ ಹಂದಿಮಾಂಸದ ಚೂರು ಹಾಕುತ್ತಾರೆ, ಬೇಡ ಅಂತ ಕೇಳಿ ತರಿಸಬೇಕು. ಮಧ್ಯಾಹ್ನ ಎರಡು ದಾಟಿದರೆ ಹೋಟೆಲುಗಳಲ್ಲಿ ಅಡುಗೆ ಬಂದ್, ಸಂಜೆ ಏಳರವರೆಗೆ ಏನೂ ಸಿಗಲ್ಲ. ಅಮ್ಮ, ಅದಕ್ಕೇ ಸಾರಿನ ಪುಡಿ ಮತ್ತು ಅಪ್ಪೆಮಿಡಿ ನಿನ್ನ ಜವಾಬ್ದಾರಿ.

ಆಮೇಲೆ ಮೂರು ರಾತ್ರಿ ಬರ್ಗಂಡಿ ಸೀಮೆಯ ಬೋನ್ ಊರು. ಇದು ಅಮ್ಮನಿಗೆ. 1443ರಲ್ಲಿ ನಿಕೊಲಾ ರೋಲಾಂ ಅನ್ನೋ ಮಂತ್ರಿ ಬಡವರಿಗೆ ಅಂತ ಕಟ್ಟಿಸಿದ ಆಸ್ಪತ್ರೆ ಅಲ್ಲಿದೆ. ಮಾಡಿನ ಮೇಲೆ ಬಣ್ಣಬಣ್ಣದ ಹೆಂಚು, ಒಳ್ಳೆ ರೇಷ್ಮೆ ಸೀರೆಯ ಸೆರಗು ಹರಡಿದ ಹಾಗೆ. ಜನ ಅದಕ್ಕೆ ದ್ರಾಕ್ಷಿ ತೋಟ ಬಿಟ್ಟುಕೊಡುತ್ತಾ ಬಂದಿದ್ದಾರೆ, ನಮ್ಮಲ್ಲಿ ದೇವಸ್ಥಾನಕ್ಕೆ ಗದ್ದೆ ಬಿಟ್ಟ ಹಾಗೆ. ಆ ತೋಟಗಳ ವೈನನ್ನು 1859ರಿಂದ ನವೆಂಬರಿನಲ್ಲಿ ಹರಾಜು ಹಾಕುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ರೊಮಾನೆ ಕಾಂಟಿ ಅನ್ನೋ ತೋಟ, ಒಟ್ಟು 1.8 ಹೆಕ್ಟೇರ್. ಅಂದರೆ ನಾಲ್ಕೂವರೆ ಎಕರೆ, ನಮ್ಮ ತೋಟಕ್ಕಿಂತ ಅರ್ಧ ಎಕರೆ ಕಮ್ಮಿ. ಅದರ ಒಂದು ಬಾಟಲಿಗೆ ಲಕ್ಷಗಟ್ಟಲೆ ರೂಪಾಯಿ. ಅಪ್ಪ, ಅಡಿಕೆ ರೇಟಿನ ಜೊತೆ ಹೋಲಿಸಿ ಬೇಜಾರು ಮಾಡಿಕೊಳ್ಳಬೇಡಿ.

ಬೋನ್‌ನಿಂದ ಬೋರ್ಡೋ ಸುಮಾರು ಆರುನೂರು ಕಿಲೋಮೀಟರ್. ಒಂದೇ ದಿನ ಓಡಿಸಲ್ಲ. ನಡುವೆ ಕ್ಲೆರ್ಮಾಂಟ್‌ನಲ್ಲಿ ಎರಡು ರಾತ್ರಿ. ಅಲ್ಲಿ ತಣ್ಣಗಾದ ಜ್ವಾಲಾಮುಖಿಯ ತುದಿಗೆ ಹಲ್ಲಿನ ಹಳಿಯ ರೈಲು ಹೋಗುತ್ತೆ, ಅಮ್ಮನ ಮಂಡಿಗೆ ತೊಂದರೆ ಇಲ್ಲ. ಉಳಿದ ಐದು ರಾತ್ರಿ ಬೋರ್ಡೋ ಕಡೆ. ಕಾರನ್ನು ಕೋಲ್ಮಾರ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡು ಬೋರ್ಡೋದಲ್ಲಿ ಬಿಡೋದು. ಜರ್ಮನಿಯಲ್ಲಿ ತೆಗೆದುಕೊಂಡು ಫ್ರಾನ್ಸಿನಲ್ಲಿ ಬಿಟ್ಟರೆ ಬಾಡಿಗೆ ಸಿಕ್ಕಾಪಟ್ಟೆ. ವಾಪಸ್ ರೈಲು.

ಗಾಡಿ ನಾನೇ ಓಡಿಸುತ್ತೇನೆ. ಹೆದ್ದಾರಿಯಲ್ಲಿ 130 ಬಿಡುತ್ತಾರೆ, ಮಳೆ ಬಂದರೆ 110. ನಾನು ಹಳ್ಳಿ ರಸ್ತೆಯಲ್ಲೇ 80ರೊಳಗೆ ಹೋಗುವವಳು. ಇನ್ನು ಕೇಳಬೇಕು ಅಂದುಕೊಂಡು ಕೇಳದೇ ಇರೋ ಪ್ರಶ್ನೆಗೆ ಉತ್ತರ: ಹೌದು ಅಮ್ಮ, ವಿಡಿಯೋ ಕಾಲಿನಲ್ಲಿ ಹಿಂದೆ ಕಂಡ ಲೋಟ ನನ್ನದೇ. ಆದರೆ ಸ್ಟೇರಿಂಗ್ ಹಿಡಿಯೋ ದಿನ ಮುಟ್ಟಲ್ಲ. ರುಚಿ ನೋಡುವಾಗ ಬಾಯಿ ಮುಕ್ಕಳಿಸಿ ಉಗಿಯೋದಕ್ಕೇ ಅಲ್ಲಿ ಪಾತ್ರೆ ಇಟ್ಟಿರುತ್ತಾರೆ, ಎಲೆಯಡಿಕೆ ಕವಳ ಹಾಕೋ ಅಪ್ಪನಿಗೆ ಅದು ಹೊಸದೇನಲ್ಲ. ನಿಮ್ಮಿಬ್ಬರಿಗೂ ದ್ರಾಕ್ಷಿ ಜ್ಯೂಸ್ ಸಿಗುತ್ತೆ.

ಒಂದು ಕೆಲಸ ಮಾತ್ರ ಈ ವಾರವೇ ಆಗಬೇಕು. ಇಲ್ಲಿಂದ ಹೊರಡೋ ದಿನದ ಮೇಲೆ ಇನ್ನೂ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ನೀವು ಇಲ್ಲಿಂದ ವಾಪಸ್ ಊರಿಗೆ ಹೊರಡೋದು ಅಕ್ಟೋಬರ್ ಕೊನೆಗೆ, ಅಮ್ಮನದು ಡಿಸೆಂಬರಿಗೇ ಮುಗಿಯುತ್ತೆ. ನಾಳೆಯೇ ಅಣ್ಣನಿಗೆ ಹೇಳಿ ರಿನ್ಯೂವಲ್‌ಗೆ ಹಾಕಿಸಿ. ಆಹ್ವಾನದ ಕಾಗದಪತ್ರ ನಾನು ಕಳಿಸುತ್ತೇನೆ. ಮತ್ತೆ ಅಪ್ಪ, ಆ ಕತ್ತಿಯ ಒಂದು ಫೋಟೋ ತೆಗೆದು ಕಳಿಸಿ. ತೋಟದವರಿಗೆ ಬರೆಯುವಾಗ ಜೊತೆಗಿಡುತ್ತೇನೆ.

ನಿಮ್ಮ ಪ್ರೀತಿಯ
ಮಗಳು