ಮಂಗಳೂರಿನ ಕಾರು ತೆಗೆಯುವ ಮೊದಲು

ಚಿ. ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಮಂಗಳೂರಿನಲ್ಲಿ ನೀನು ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೀಯಂತೆ, ಕಾಸರಗೋಡಿನ ರೇಟಿಗಿಂತ ಐವತ್ತು ಸಾವಿರ ಕಮ್ಮಿಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಅಡ್ವಾನ್ಸ್ ಕೊಟ್ಟಿಲ್ಲ ತಾನೆ?

ಆ ಐವತ್ತು ಸಾವಿರ ನಿಜವಾಗಿ ಉಳಿಯುತ್ತದೋ ಅಂತ ಮೊದಲು ನೋಡು. ಅದು ಕೆಎ 19, ಅಂದರೆ ಕರ್ನಾಟಕದ ನಂಬರಿನ ಗಾಡಿ. ನೀನಿರುವುದು ನೀರ್ಚಾಲಿನಲ್ಲಿ, ಇಲ್ಲಿಯದ್ದು ಕೇರಳದ ಕೆಎಲ್ 14. ಹೊರ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ವರ್ಷ ಉಂಟಲ್ಲ ಅಂತ ಕೂರಬೇಡ. ನೀನು ಇಲ್ಲೇ ವಾಸ ಇರುವವಳು, ಕೇರಳದ ತೆರಿಗೆ ಕೇಳಿಯೇ ಕೇಳುತ್ತಾರೆ. ಹಳೆ ಮಾಲೀಕ ಕರ್ನಾಟಕದಲ್ಲಿ ಕಟ್ಟಿದ ಲೈಫ್ ಟ್ಯಾಕ್ಸಿನಲ್ಲಿ ಉಳಿದದ್ದನ್ನು ವಾಪಸು ಕೇಳಲಿಕ್ಕೆ ದಾರಿ ಉಂಟು. ಆದರೆ ಆ ಹಣ ಆಗಲೇ ಕಿಸೆಯಲ್ಲಿದೆ ಅಂತ ಲೆಕ್ಕ ಹಾಕಬೇಡ. ಬದಿಯಡ್ಕದಿಂದ ಕಾಸರಗೋಡಿಗೆ ಬಸ್ಸು ಹತ್ತಿ ಆರ್‌ಟಿಒದಲ್ಲಿ ಆ ಮಾಡೆಲಿಗೆ, ಆ ವರ್ಷಕ್ಕೆ ಎಷ್ಟು ಬರುತ್ತದೆ ಅಂತ ಕೇಳಿಬಿಡು. ಆಮೇಲೆ ಕಮ್ಮಿಯೋ ಜಾಸ್ತಿಯೋ ಮಾತಾಡೋಣ.

ಕಾಗದಪತ್ರದಲ್ಲಿ ದಾಕ್ಷಿಣ್ಯ ಬೇಡ. ಮಂಗಳೂರು ಆರ್‌ಟಿಒದಿಂದ ಎನ್‌ಒಸಿ, ಅಂದರೆ ಗಾಡಿ ಬೇರೆ ಕಡೆಗೆ ಹೋಗಲಿಕ್ಕೆ ಅಡ್ಡಿಯಿಲ್ಲ ಎನ್ನುವ ಪತ್ರ ತೆಗೆಸಿಕೊಡುವ ಕೆಲಸ ಮಾರುವವರದ್ದು, ಅದು ಫಾರ್ಮ್ 28. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಆ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡ. ಗಾಡಿಯ ಮೇಲೆ ಕೊರೆದಿರುವ ಚಾಸಿ ನಂಬರನ್ನು ನೀನೇ ಆರ್‌ಸಿ ಜೊತೆ ತಾಳೆ ನೋಡು, 17 ಅಕ್ಷರ, ಒಂದೂ ಬಿಡದೆ. ಇನ್ಶೂರೆನ್ಸನ್ನು 14 ದಿನದೊಳಗೆ ನಿನ್ನ ಹೆಸರಿಗೆ ಮಾಡಿಸಿಕೋ. ಕ್ಲೈಮ್ ಮಾಡದೆ ಇದ್ದದ್ದಕ್ಕೆ ಸಿಗುವ ಅವರ ನೋ ಕ್ಲೈಮ್ ಬೋನಸ್ ಅವರಿಗೇ ಹೊರತು ನಿನಗೆ ಬರುವುದಿಲ್ಲ, ಅದನ್ನು ತೋರಿಸಿ ರೇಟು ಏರಿಸಿದರೆ ನಗಾಡಿ ಬಿಡು.

ಇನ್ನು ಗಾಡಿ. ನನಗೆ ಹೆದರಿಕೆ ಇರುವುದು ನೀರು ಕುಡಿದ ಗಾಡಿಯದ್ದೇ. ಮಂಗಳೂರಿನ ತಗ್ಗಿನ ರಸ್ತೆಗಳಲ್ಲಿ ಜೋರು ಮಳೆ ಬಂದರೆ ಏನಾಗುತ್ತದೆ ಅಂತ ನಿನಗೂ ಗೊತ್ತು. ಅಂಥ ಗಾಡಿಯನ್ನು ತೊಳೆದು ಪಾಲಿಶ್ ಹೊಡೆದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ನೀನು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡು. ಕಾಣುವ ಭಾಗವನ್ನು ಉಜ್ಜಿರುತ್ತಾರೆ, ಒಳಗೆ ಸುತ್ತಿಕೊಂಡಿರುವ ಕಡೆ ಕೆಸರಿನ ಗೆರೆ ಹಾಗೇ ಉಳಿದಿರಬಹುದು. ಸೀಟಿನಡಿ ಕೈ ಹಾಕಿ ಕಬ್ಬಿಣದ ಹಳಿ ಮುಟ್ಟು, ಬೆರಳಿಗೆ ತುಕ್ಕು ಹತ್ತುತ್ತದೋ ನೋಡು. ಸ್ಟೆಪ್ನಿ ಎತ್ತಿಸಿ ಅದರ ಗುಂಡಿಯನ್ನೂ ನೋಡು. ಬಾಗಿಲು ತೆಗೆದ ಕೂಡಲೇ ಸೆಂಟಿನ ಘಾಟು ಬಡಿದರೆ ನನಗಂತೂ ಸಂಶಯ.

ಹೋಗುವಾಗ ಇಷ್ಟು ಗಂಟೆಗೆ ಬರುತ್ತೇನೆ ಅಂತ ಹೇಳು, ಅದಕ್ಕಿಂತ ಸ್ವಲ್ಪ ಮೊದಲೇ ಹೋಗು. ಬಾನೆಟ್ ಮೇಲೆ ಕೈಯಿಡು. ಬಿಸಿ ಇದ್ದರೆ ಆಗಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ತಣ್ಣಗಿನ ಇಂಜಿನ್ ಹೇಗೆ ಕೂಗುತ್ತದೆ ಅಂತ ನಿನಗೆ ತಿಳಿಯಬಾರದು ಅಂತಲೂ ಇರಬಹುದು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದ್ದು. ನಾಲ್ಕೂ ಹಳತಾದರೆ ಹೊಸ ಟಯರಿನ ಹಣ ರೇಟಿನಲ್ಲಿ ಇಳಿಸಲು ಹೇಳು.

ಓಡಿಸಿ ನೋಡುವುದು ಸಪಾಟು ಹೈವೇಯಲ್ಲಿ ಅಲ್ಲ. ಕದ್ರಿ ಗುಡ್ಡದ ಏರಿನಲ್ಲಿ ನಿಲ್ಲಿಸಿ ಪುನಃ ಎತ್ತು. ಸುಟ್ಟ ವಾಸನೆ ಬಂದರೆ ಕ್ಲಚ್ ಮುಗಿದಿರಬಹುದು ಅಂತ ತಿಳಿ. ನಿಮ್ಮ ಮನೆಗಿಳಿಯುವ ಕೆಂಪು ಮಣ್ಣಿನ ದಾರಿ ಆಟಿ ತಿಂಗಳ ಮಳೆಯಲ್ಲಿ ಹೇಗಿರುತ್ತದೆ ಅಂತ ನಾನು ಹೇಳಬೇಕಾ? ಅಡಿ ತಾಗುವ ಗಾಡಿ ನಿನಗೆ ಬೇಡವೇ ಬೇಡ, ಎಷ್ಟು ಚೆಂದ ಇದ್ದರೂ.

ಬಣ್ಣ, ಮ್ಯೂಸಿಕ್ ಸಿಸ್ಟಮ್ ನಿನ್ನಿಷ್ಟ. ಸಾಲ ಮಾಡುವುದಾದರೆ ಒಂದು ಮಾತು: ಹಳೆ ಗಾಡಿಯ ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿ ಜಾಸ್ತಿ. ನಿನ್ನ ಅಪ್ಪನ ಸೊಸೈಟಿಯಲ್ಲೂ ಒಮ್ಮೆ ಕೇಳು.

ಶನಿವಾರ ನೋಡಲು ಹೋಗುವುದಾದರೆ ಹಿಂದಿನ ಸಂಜೆಯೇ ಫೋನ್ ಮಾಡು. ನಮ್ಮ ಮೆಕ್ಯಾನಿಕನನ್ನೂ ಕರಕೊಂಡು ಕುಂಬಳೆಯಲ್ಲಿ ಬಸ್ಸಿಗೆ ಸಿಗುತ್ತೇನೆ.

ಇಂತೀ,
ನಿನ್ನ ಮಾವ