ತಗಡು ಛಾವಣಿಯ ಮೇಲೆ ಹೊದಿಸಿದ ಮೆಂಬ್ರೇನ್ ಕಾಮಗಾರಿಯ ಲೋಪಗಳ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ಛಾವಣಿ ಕಾಮಗಾರಿ ಸಂಸ್ಥೆ, ಮೈಸೂರು.

ಇವರಿಂದ,
ಮಾಲೀಕರು, ಬೆಲ್ಲದ ಗೋದಾಮು,
ತೂಬಿನಕೆರೆ ಕೈಗಾರಿಕಾ ಪ್ರದೇಶ, ಮಂಡ್ಯ ಜಿಲ್ಲೆ.

ವಿಷಯ: ಮೆಂಬ್ರೇನನ್ನು (ನೀರು ತಡೆಯುವ ಹಾಳೆಯನ್ನು) ಪರ್ಲಿನ್‌ಗೆ (ತಗಡನ್ನು ಹೊರುವ ಕಬ್ಬಿಣದ ಅಡ್ಡಪಟ್ಟಿಗೆ) ಬಿಗಿಯದೆ ಹಳೆಯ ತಗಡಿಗಷ್ಟೇ ಬಿಗಿದಿರುವುದು, ಜೋಡಣೆಗಳು ಬಿಟ್ಟುಕೊಂಡಿರುವುದು ಮತ್ತು ಅದರಿಂದಾದ ನಷ್ಟ.

ಮಾನ್ಯರೇ,

ನಮ್ಮ ಗೋದಾಮಿನ ಹಳೆಯ ತಗಡು ಛಾವಣಿಯನ್ನು ಕಳಚದೆ, ಅದರ ತಗ್ಗುಗಳಿಗೆ ಥರ್ಮೋಕೋಲ್ ತುಂಬಿ, ಮೇಲೆ ಬೋರ್ಡು ಹಾಸಿ, ಅದರ ಮೇಲೆ 1.5 ಮಿ.ಮೀ. ದಪ್ಪದ ಟಿಪಿಒ ಎಂಬ ಪ್ಲಾಸ್ಟಿಕ್ಕಿನ ಮೆಂಬ್ರೇನ್ ಹೊದಿಸಿಕೊಡುವ ಕೆಲಸವನ್ನು ತಮ್ಮ ಸಂಸ್ಥೆ ಈ ಬೇಸಿಗೆಯ ಆರಂಭದಲ್ಲಿ ಮುಗಿಸಿಕೊಟ್ಟಿತು. ಬಿಲ್ಲಿನ ಹಣ ಪೂರ್ತಿ ಸಂದಾಯವಾಗಿದೆ. ಭರಣಿ ಮಳೆಯ ಮೊದಲ ಗಾಳಿಗೇ ಪಶ್ಚಿಮದ ಸೂರಂಚಿನಲ್ಲಿ ಮೆಂಬ್ರೇನ್ ಬೋರ್ಡಿನ ಸಮೇತ ಮೇಲೆದ್ದು, ಆ ಸಂದಿಯಿಂದ ನುಗ್ಗಿದ ನೀರು ಹಳೆಯ ಸ್ಕ್ರೂ ತೂತುಗಳ ಮೂಲಕ ಕೆಳಗಿಳಿದು, ಅಟ್ಟಿಯಲ್ಲಿದ್ದ ಅಚ್ಚು ಬೆಲ್ಲವನ್ನು ಹಾಳುಮಾಡಿತು. ದೂರವಾಣಿಯಲ್ಲಿ ತಿಳಿಸಿದ ಮೇಲೆ ತಮ್ಮ ಕಡೆಯ ಇಬ್ಬರು ಕೆಲಸಗಾರರು ಬಂದು, ಎದ್ದ ಅಂಚನ್ನು ಒತ್ತಿ ಕೂರಿಸಿ, ಸಿಲಿಕಾನ್ ಹಚ್ಚಿ, ಕೆಲಸ ಸರಿಹೋಯಿತೆಂದು ಸಹಿ ಕೇಳಿದರು. ಅದು ಸರಿಹೋಗಿಲ್ಲವಾದ್ದರಿಂದ ನಾನು ಸಹಿ ಹಾಕಲಿಲ್ಲ. ಈ ಪತ್ರದ ಕಾರಣವೂ ಅದೇ.

ತಾವು ಸರಬರಾಜು ಮಾಡಿದ ಹಾಳೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದನ್ನು ಬಿಗಿದ ರೀತಿಯ ಬಗ್ಗೆ. ತಮ್ಮ ಕೊಟೇಷನ್ನಿನಲ್ಲಿ, ಪ್ಲೇಟಿನೊಂದಿಗೆ ಹಾಕುವ ಪ್ರತಿ ಸ್ಕ್ರೂ ಮೆಂಬ್ರೇನ್, ಬೋರ್ಡು, ಥರ್ಮೋಕೋಲ್ ಮತ್ತು ತಗಡನ್ನು ದಾಟಿ ಪರ್ಲಿನ್‌ಗೆ ಕಚ್ಚಿಕೊಳ್ಳುವಂತೆ ಬಿಗಿಯಲಾಗುವುದು, ಕೆಲಸಕ್ಕೆ ಮೊದಲು ಸ್ಕ್ರೂ ಎಳೆದು ನೋಡುವ ಪರೀಕ್ಷೆ ಮಾಡಲಾಗುವುದು ಎಂದು ತಾವೇ ಬರೆದುಕೊಟ್ಟಿದ್ದೀರಿ. ಆ ಪರೀಕ್ಷೆಯ ವರದಿ ನನಗೆ ಇಂದಿನವರೆಗೂ ಬಂದಿಲ್ಲ. ಸ್ಕ್ರೂಗಳು ಎಲ್ಲಿ ಕಚ್ಚಿಕೊಂಡಿವೆ ಎಂಬುದನ್ನು ಪರೀಕ್ಷಿಸಲು ಛಾವಣಿ ಹತ್ತಬೇಕಾಗಿಯೂ ಇಲ್ಲ. ಗೋದಾಮಿನ ಒಳಗೆ ನಿಂತು ಪಶ್ಚಿಮ ಗೋಡೆಯ ಉದ್ದಕ್ಕೂ ತಲೆ ಎತ್ತಿ ನೋಡಿದರೆ, ಹೊಸ ಸ್ಕ್ರೂಗಳ ಮೊನೆಗಳು ಎರಡು ಪರ್ಲಿನ್‌ಗಳ ನಡುವಿನ ಬರೀ ತಗಡಿನಿಂದ ಕೆಳಕ್ಕೆ ಚಾಚಿಕೊಂಡಿರುವುದು ಸಾಲುಸಾಲಾಗಿ ಕಾಣುತ್ತದೆ. ಪರ್ಲಿನ್‌ನ ಕಬ್ಬಿಣದೊಳಗೆ ಮೊನೆ ಇಳಿದಿರುವುದು ಆ ಅಂಚಿನಲ್ಲಿ ವಿರಳ. ನಾನು ಕರೆಸಿದ್ದ ಸಿವಿಲ್ ಎಂಜಿನಿಯರ್ ಮೇಲಿನಿಂದ ಒಂದು ಸ್ಕ್ರೂವನ್ನು ಕೈಯಿಂದಲೇ ಎಳೆದರು, ಅದು ಪ್ಲೇಟಿನ ಸಮೇತ ಬಂದುಬಿಟ್ಟಿತು. ಅದರ ತಿರುಪಿನ ಸುತ್ತುಗಳ ನಡುವೆ ತುಕ್ಕಿನ ಕಂದು ಪುಡಿ ತುಂಬಿತ್ತು. ತಗಡಿನ ತೂತು ಅಗಲವಾಗಿ, ಅಂಚು ಪುಡಿಯಾಗಿತ್ತು.

ಅರ್ಧ ಮಿ.ಮೀ. ದಪ್ಪದ, ಅದೂ ತುಕ್ಕು ಹಿಡಿದ ತಗಡಿನಲ್ಲಿ ಸ್ಕ್ರೂವಿನ ತಿರುಪು ಸುತ್ತುಗಳಿಗೆ ಹಿಡಿತ ಸಿಗುವುದಿಲ್ಲ, ಅದರ ಹಲವು ಪಟ್ಟು ದಪ್ಪವಿರುವ ಪರ್ಲಿನ್‌ನಲ್ಲಿ ಸಿಗುತ್ತದೆ ಎಂಬುದು ತಮ್ಮಂಥ ಅನುಭವಿ ಸಂಸ್ಥೆಗೆ ತಿಳಿಯದ ವಿಷಯವಲ್ಲ. ಹಳೆಯ ಸ್ಕ್ರೂಗಳ ಸಾಲು ಪರ್ಲಿನ್ ಎಲ್ಲಿದೆ ಎಂಬುದನ್ನು ತಾನೇ ತೋರಿಸುತ್ತಿತ್ತು. ಥರ್ಮೋಕೋಲ್ ಹಾಸುವ ಮೊದಲು ಎರಡೂ ತುದಿಗಳಲ್ಲಿ ಗುರುತು ಮಾಡಿ, ಬೋರ್ಡಿನ ಮೇಲೆ ದಾರ ಎಳೆದುಕೊಂಡಿದ್ದರೆ ಒಂದು ಸ್ಕ್ರೂವೂ ತಪ್ಪುತ್ತಿರಲಿಲ್ಲ. ಗಾಳಿ ಛಾವಣಿಯನ್ನು ಮೇಲಕ್ಕೆಳೆಯುವ ಬಲ ನಡುಭಾಗಕ್ಕಿಂತ ಅಂಚುಗಳಲ್ಲಿ ಹೆಚ್ಚು, ಮೂಲೆಗಳಲ್ಲಿ ಇನ್ನೂ ಹೆಚ್ಚು. ಗಾಳಿಯ ಒತ್ತಡದ ಬಗೆಗಿನ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗ ಅಂಚು ಮತ್ತು ಮೂಲೆಗಳಿಗೆ ಪ್ರತ್ಯೇಕ ಲೆಕ್ಕ ಕೊಟ್ಟಿರುವುದು ಇದಕ್ಕಾಗಿಯೇ. ಲಾರಿಗೆ ಮಾಲು ತುಂಬುವಾಗ ನಮ್ಮ ಪಶ್ಚಿಮದ ಶಟರ್‌ಗಳು ತೆರೆದೇ ಇರುತ್ತವೆ. ಆಗ ಒಳಹೊಕ್ಕ ಗಾಳಿ ಕೆಳಗಿನಿಂದ ತಗಡನ್ನು ಒತ್ತುತ್ತದೆ, ಹೊರಗಿನ ಗಾಳಿ ಮೇಲಿನಿಂದ ಎಳೆಯುತ್ತದೆ. ಹೀಗಿರುವಾಗ ಅಂಚಿನಲ್ಲಿ ಸ್ಕ್ರೂ ಸಾಲುಗಳನ್ನು ಒತ್ತೊತ್ತಾಗಿ ಹಾಕಬೇಕಿತ್ತು. ತಮ್ಮವರು ನಡುಭಾಗದ ಅಂತರವನ್ನೇ ಸೂರಿನವರೆಗೂ ಮುಂದುವರಿಸಿದ್ದಾರೆ.

ಇದು ಅಸಾಧಾರಣ ಗಾಳಿಯ ಪರಿಣಾಮ, ಆದ್ದರಿಂದ ವಾರಂಟಿಗೆ ಬರುವುದಿಲ್ಲ ಎಂದು ತಮ್ಮ ಸೈಟ್ ಎಂಜಿನಿಯರ್ ಹೇಳಿದ್ದನ್ನು ನಾನು ಒಪ್ಪಲಾರೆ. ಅದೇ ಐಎಸ್ 875 ಮಾನದಂಡ ಬೆಂಗಳೂರು, ಮೈಸೂರು ಎರಡಕ್ಕೂ ಕಟ್ಟಡದ ಲೆಕ್ಕಕ್ಕೆ ಹಿಡಿಯಬೇಕಾದ ಮೂಲ ಗಾಳಿವೇಗವನ್ನು ಸೆಕೆಂಡಿಗೆ 33 ಮೀಟರ್, ಎಂದರೆ ಗಂಟೆಗೆ ಸುಮಾರು 119 ಕಿ.ಮೀ. ಎಂದು ಇಟ್ಟಿದೆ. ಈ ಎರಡು ಊರುಗಳ ನಡುವಿನ ನಮ್ಮಲ್ಲಿ ಅಂದು ಬೀಸಿದ್ದು ಪ್ರತಿ ವರ್ಷ ಮುಂಗಾರಿಗೆ ಮೊದಲು ಬೀಸುವ ಗಾಳಿ. ಪಕ್ಕದ ಶೆಡ್ಡಿನ ಹಳೆಯ ಸಿಮೆಂಟ್ ಶೀಟುಗಳೂ ಕದಲಲಿಲ್ಲ. ತಗಡಿನ ಕೆಳಗೆ ಕಟ್ಟಿದ ಬೆವರುನೀರು ತೊಟ್ಟಿಕ್ಕಿರಬಹುದು ಎಂಬ ಅವರ ಇನ್ನೊಂದು ಮಾತೂ ನಿಲ್ಲುವುದಿಲ್ಲ. ಬೆವರುನೀರಾಗಿದ್ದರೆ ಇಡೀ ಛಾವಣಿಯಡಿ ಬೆಳಗಿನ ಜಾವದ ತಂಪಿಗೆ ಕಾಣಿಸಬೇಕಿತ್ತು. ಮಳೆ ಸುರಿಯುತ್ತಿರುವಾಗ, ಅದೂ ಎದ್ದುಹೋದ ಅಂಚಿನ ಕೆಳಗೆ ಮಾತ್ರ ಅಲ್ಲ.

ಹಾಳೆಗಳ ಜೋಡಣೆಯೂ ಅಷ್ಟೇ ಚಿಂತೆಯ ವಿಷಯ. ಬಿಸಿಗಾಳಿಯ ಯಂತ್ರದಿಂದ ಸರಿಯಾಗಿ ಬೆಸೆದಿದ್ದರೆ, ಆರಿದ ಮೇಲೆ ತುಂಡೊಂದನ್ನು ಎಳೆದಾಗ ಬೆಸುಗೆ ಬಿಡದೆ, ಒಳಗಿನ ನೂಲಿನ ಬಲೆ ಕಾಣುವಂತೆ ಹಾಳೆಯೇ ಹರಿಯಬೇಕು. ಪಶ್ಚಿಮದ ಇಳಿಜಾರಿನ ಮೂರು ಜೋಡಣೆಗಳಲ್ಲಿ ಮೊಂಡು ಸ್ಕ್ರೂಡ್ರೈವರಿನ ತುದಿ ಸಲೀಸಾಗಿ ಒಳಗೆ ಸರಿಯುತ್ತದೆ. ಬಿಟ್ಟುಕೊಂಡ ಜಾಗದಲ್ಲಿ ಹಾಳೆಯ ಎರಡೂ ಮೈ ನುಣುಪಾಗಿದ್ದು, ನಡುವೆ ಬೂದು ಬಣ್ಣದ ಧೂಳಿನ ಪದರವಿದೆ. ಸುತ್ತಮುತ್ತ ಆಲೆಮನೆಗಳಿರುವುದರಿಂದ ಕಬ್ಬಿನ ಸಿಪ್ಪೆ ಉರಿದ ಬೂದಿ ದಿನವೂ ನಮ್ಮ ಛಾವಣಿಯ ಮೇಲೆ ಬೀಳುತ್ತದೆ. ಬೆಸೆಯುವ ಮೊದಲು ಪ್ರತಿ ಅಂಚನ್ನೂ ಒರೆಸಬೇಕೆಂದು ಕೆಲಸದ ಸಮಯದಲ್ಲೇ ತಮ್ಮ ಮೇಸ್ತ್ರಿಗೆ ಹೇಳಿದ್ದೆ. ಇಂಥ ಕಡೆ ಈಗ ಸಿಲಿಕಾನ್ ಹಚ್ಚಿರುವುದರಿಂದ ಕೆಡುಕು ಹೆಚ್ಚಾಗಿದೆ. ಟಿಪಿಒ ಮೇಲೆ ಅದು ಸರಿಯಾಗಿ ಅಂಟುವುದಿಲ್ಲ, ಹಚ್ಚಿದ ಜಾಗವನ್ನು ಮತ್ತೆ ಬಿಸಿಗಾಳಿಯಿಂದ ಬೆಸೆಯಲೂ ಬಿಡುವುದಿಲ್ಲ. ದುರಸ್ತಿಯ ಹೆಸರಿನಲ್ಲಿ ದುರಸ್ತಿಯ ದಾರಿಯನ್ನೇ ಮುಚ್ಚಿದಂತಾಗಿದೆ. ಎದ್ದ ಅಂಚಿನ ಹಿಂದೆ ಕಾಲಿಟ್ಟರೆ ಬೋರ್ಡು ಮೆತ್ತಗೆ ಕುಸಿದು ನೀರು ಒಸರುತ್ತದೆ. ಆ ತೇವವನ್ನು ಒಳಗೇ ಬಿಟ್ಟು ಮುಚ್ಚಿದರೆ ಕೆಳಗಿನ ತಗಡು ಮತ್ತಷ್ಟು ತುಕ್ಕು ಹಿಡಿಯುತ್ತದೆ.

ಬೆಲ್ಲದ ಸ್ವಭಾವ ಮಂಡ್ಯದ ಸೀಮೆಯಲ್ಲಿ ಯಾರಿಗೂ ವಿವರಿಸಬೇಕಾದದ್ದಲ್ಲ. ನೇರವಾಗಿ ನೆನೆದ ಅಚ್ಚುಗಳಷ್ಟೇ ಅಲ್ಲದೆ, ಪಕ್ಕದ ಅಟ್ಟಿಗಳೂ ಗಾಳಿಯ ತೇವ ಹೀರಿ ಜಿನುಗತೊಡಗಿ, ಬಣ್ಣ ಕಪ್ಪಾಗಿ, ಮಂಡಿಯವರು ಕೇಳುವ ಬೆಲೆ ಇಳಿಯಿತು. ಆ ಮಾಲಿನಲ್ಲಿ ಬಹುಪಾಲು ಸುತ್ತಲಿನ ರೈತರು ಬೆಲೆ ಬರಲೆಂದು ನನ್ನ ನಂಬಿಕೆಯ ಮೇಲೆ ಇಟ್ಟುಹೋದದ್ದು, ಅವರಿಗೆ ಉತ್ತರ ಹೇಳಬೇಕಾದವನು ನಾನು. ಇಲ್ಲಿ ಬೆಲ್ಲ ಇಡುತ್ತೇವೆ, ಹನಿ ನೀರೂ ಬೀಳಬಾರದು ಎಂಬುದನ್ನು ಕೆಲಸದ ಆದೇಶದಲ್ಲೇ ಬರೆದಿದ್ದೆ. ಕರಾರು ಮುರಿದರೆ ಆಗಬಹುದೆಂದು ಎರಡೂ ಕಡೆಯವರಿಗೆ ಮೊದಲೇ ತಿಳಿದಿದ್ದ ನಷ್ಟಕ್ಕೆ ಪರಿಹಾರ ಕೊಡಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಂ ಹೇಳುತ್ತದೆ.

ಆದ್ದರಿಂದ, ಈ ಪತ್ರ ತಲುಪಿದ 15 ದಿನಗಳೊಳಗೆ ಪಶ್ಚಿಮದ ಅಂಚು ಮತ್ತು ನಾಲ್ಕೂ ಮೂಲೆಗಳ ಮೆಂಬ್ರೇನನ್ನು ತೆರೆದು, ನೆನೆದ ಬೋರ್ಡು ಮತ್ತು ಥರ್ಮೋಕೋಲನ್ನು ತೆಗೆದುಹಾಕಿ, ಹೊಸದನ್ನು ಹಾಸಿ, ಪರ್ಲಿನ್‌ಗೆ ಇಳಿಯುವಷ್ಟು ಉದ್ದದ ಸ್ಕ್ರೂಗಳಿಂದ ಅಂಚಿನ ಲೆಕ್ಕದ ಅಂತರದಲ್ಲಿ ಬಿಗಿಯಬೇಕು. ಸಿಲಿಕಾನ್ ತಗುಲಿದ ಭಾಗವನ್ನು ಕತ್ತರಿಸಿ ತೆಗೆದು ಹೊಸ ಹಾಳೆಯ ಪಟ್ಟಿ ಬೆಸೆಯಬೇಕು, ಉಳಿದ ಜೋಡಣೆಗಳನ್ನೂ ನನ್ನ ಎಂಜಿನಿಯರ್ ಎದುರಿನಲ್ಲೇ ಪರೀಕ್ಷಿಸಬೇಕು. ಸ್ಕ್ರೂ ಎಳೆದು ನೋಡಿದ ಪರೀಕ್ಷೆಯ ವರದಿಯನ್ನು ಬರಹದಲ್ಲಿ ಕೊಡಬೇಕು. ಬೆಲ್ಲದ ನಷ್ಟದ ವಿವರ, ತೂಕದ ಚೀಟಿಗಳು, ಛಾಯಾಚಿತ್ರಗಳು ಮತ್ತು ಎಂಜಿನಿಯರ್ ವರದಿಯನ್ನು ಲಗತ್ತಿಸಿದ್ದೇನೆ, ಅದರಂತೆ ಪರಿಹಾರವನ್ನು ಪಾವತಿಸಬೇಕು. ಕೆಲಸ ನಡೆಯುವಷ್ಟು ದಿನ ಆ ಭಾಗದ ಮಾಲನ್ನು ನಾನೇ ಸ್ಥಳಾಂತರಿಸಿ ಜಾಗ ಖಾಲಿ ಮಾಡಿಕೊಡುತ್ತೇನೆ. ಕಿತ್ತುಬಂದ ಸ್ಕ್ರೂ ಮತ್ತು ಪ್ಲೇಟು ನನ್ನ ಬಳಿ ಇವೆ, ತಮ್ಮವರು ಬಂದು ನೋಡಬಹುದು. ನಿಗದಿತ ಅವಧಿಯಲ್ಲಿ ಲಿಖಿತ ಉತ್ತರವೂ ಕೆಲಸದ ದಿನಾಂಕವೂ ಬಾರದಿದ್ದರೆ, ಬೇರೆಯವರಿಂದ ಈ ಕೆಲಸ ಮಾಡಿಸಿ, ಅದರ ಖರ್ಚು ಮತ್ತು ನಷ್ಟ ಎರಡನ್ನೂ ತಮ್ಮಿಂದ ವಸೂಲು ಮಾಡಲು ಮಂಡ್ಯದ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಮಾಲೀಕರು, ಬೆಲ್ಲದ ಗೋದಾಮು, ತೂಬಿನಕೆರೆ